ಮಗನಿಗೆ ವಾಡಿ ಜಂಕ್ಷನ್ ತೋರಿಸಿ

ಪ್ರಶ್ನೆ: ನಮ್ಮ ಎಂಟು ವರ್ಷದ ಮಗನಿಗೆ ರೈಲೆಂದರೆ ಪ್ರಾಣ. ಅತ್ತೆಯವರನ್ನೂ ಕರೆದುಕೊಂಡು ಒಂದೇ ದಿನದಲ್ಲಿ ನೋಡಿ ಬರುವಂಥ ಹಳೇ ರೈಲಿನ ಜಾಗ ನಮ್ಮ ಕಡೆ ಇದೆಯಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಇದೆ ತಂಗಿ, ವಾಡಿಗೆ ಹೋಗಿ. ನಾನು ಬೆಳೆದದ್ದೇ ಅಲ್ಲಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಆ ಜಂಕ್ಷನ್ ನಮ್ಮ ಜಿಲ್ಲೆಯ ದೊಡ್ಡ ಆಸ್ತಿ ಅಂತ ನನ್ನ ನಂಬಿಕೆ.

ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿಯಿರಿ. ಶಹಾಬಾದ್ ಹತ್ತಿರ ಬಂದಾಗ ಮಗನನ್ನು ಕಿಟಕಿ ಪಕ್ಕ ಕೂರಿಸಿ, ಪರಸಿ ಕಲ್ಲಿನ ಗಣಿ ತೋರಿಸಿ. ನಿಮ್ಮ ಮನೆಯ ನೆಲಕ್ಕೂ ಅದೇ ಕಲ್ಲು ಹಾಸಿರಬಹುದು, ಅಲ್ವಾ?

ವಾಡಿಯಲ್ಲಿ ಇಳಿದು ಮೇಲ್ಸೇತುವೆ ಹತ್ತಿ, ಸಾವಕಾಶ ನಿಲ್ಲಿ. ಒಂದು ಹಳಿ ಮುಂಬೈಗೆ, ಇನ್ನೊಂದು ರಾಯಚೂರಿನ ಮೇಲೆ ಚೆನ್ನೈಗೆ, ಮತ್ತೊಂದು ಸಿಕಂದರಾಬಾದಿಗೆ. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಕೂಡಿತು. ಆದರೆ ನಿಜಾಮರ ರಾಜಧಾನಿ ಹೈದರಾಬಾದೇ ಈ ದಾರಿಯಿಂದ ದೂರ ಉಳಿಯಿತು. ಆಗ ದಿವಾನರಾಗಿದ್ದವರು ಸಾಲಾರ್ ಜಂಗ್. ನಿಜಾಮರ ದುಡ್ಡಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಸಿದರು. 1874ರಲ್ಲಿ ಗಾಡಿ ಓಡಿತು. ಎರಡೂ ದಾರಿಯಲ್ಲಿ ಜೋಡಿ ಹಳಿಗಳ ನಡುವಿನ ಅಗಲ ಒಂದೇ, 1,676 ಮಿಲಿಮೀಟರ್. ಹಾಗಾಗಿ ಮುಂಬೈಯಿಂದ ಬಂದ ಡಬ್ಬಿ ಸಾಮಾನು ಇಳಿಸದೆ ನೇರ ಸಿಕಂದರಾಬಾದಿಗೆ ಹೋಗಬಹುದಿತ್ತು. ಹಳಿಗಳ ನಡುವಿನ ಆ ಅಗಲದಷ್ಟೇ ಉದ್ದದ ದಾರ ಕತ್ತರಿಸಿ, ಹಿಂದಿನ ರಾತ್ರಿಯೇ ಮನೆಯಲ್ಲಿ ಮಗನ ಮುಂದೆ ಹಾಸಿ. ಪುಸ್ತಕದ ಅಂಕಿಗಿಂತ ಜಾಸ್ತಿ ನೆನಪಿರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳಿ ದಾಟಬೇಡಿ. ಸುಮ್ನೆ ನಿಂತ ಗೂಡ್ಸ್ ಡಬ್ಬಿಯ ಮೇಲೆ ಫೋಟೋಗೆ ಅಂತ ಯಾರೂ ಹತ್ತಬಾರದು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟದಿದ್ದರೂ, ಹತ್ತಿರ ಹೋದರೇ ಜೀವ ತೆಗೆಯುತ್ತದೆ.

ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮನೆಯಿಂದಲೇ ಒಯ್ಯಿರಿ. ಊಟ ಮುಗಿಸಿ ಅದೇ 1874ರ ದಾರಿಯಲ್ಲಿ ಚಿತ್ತಾಪುರ ದಾಟಿ ಮಳಖೇಡ ರೋಡ್ ಸ್ಟೇಷನ್‌ವರೆಗೆ ಹೋಗಿ. ಅಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ, ಸಮಯ ಮೊದಲೇ ವಿಚಾರಿಸಿ. ಊರಿಗೆ ಆಟೋ ಮಾಡಿ. ಕಾಗಿಣಾ ನದಿ ದಂಡೆಯ ಕೋಟೆ ನೋಡಿ, ಅದು ನೃಪತುಂಗನ ರಾಜಧಾನಿ. ಅತ್ತೆಯವರಿಗೆ ಮೊಣಕಾಲು ನೋವಿದ್ದರೆ ಕೋಟೆ ಬಿಡಿ, ಬಾಗಿಲ ಹತ್ತಿರವೇ ನೆರಳಲ್ಲಿ ಕೂರಿಸಿ. ವಾಪಸ್ ಬರಲು ಸೇಡಂ ಕಡೆಯಿಂದ ಕಲಬುರಗಿಗೆ ಬರುವ ಬಸ್ ಮಳಖೇಡದಲ್ಲೇ ಸಿಗುತ್ತದೆ.