ಕಾರೋ ಬಸ್ಸೋ ಎನ್ನುವ ಮೊದಲು ಅದು ಯಾವ ಸೋಮವಾರ ಎಂದು ನೋಡಿ

ನಾಲ್ವರು ಗೆಳೆಯರು, ಎರಡು ದಿನ, ಇಂಗ್ಲೆಂಡಿನ ಗುಡ್ಡಗಾಡು ಸೀಮೆ ಕಾಟ್ಸ್‌ವೋಲ್ಡ್ಸ್‌ನ ಎಂಟು ಹಳ್ಳಿ. ಕಾರು ಬಾಡಿಗೆಗೆ ಪಡೆಯುವುದೋ, ಬಸ್ಸೇ ಸಾಕೋ ಎಂದು ಕೇಳಿದ್ದೀರಿ. ನಿಮ್ಮ ಪಟ್ಟಿ ಓದುತ್ತಿದ್ದಂತೆ 2019ರಲ್ಲಿ ಆಕ್ಸ್‌ಫರ್ಡ್‌ನ ಬಾಡಿಗೆ ಕೋಣೆಯಲ್ಲಿ ಕುಳಿತು ನಾನು ಬರೆದ ಪಟ್ಟಿ ನೆನಪಾಯಿತು. ನಮ್ಮದರಲ್ಲಿ ಆರು ಹಳ್ಳಿಗಳಿದ್ದವು, ಅದೂ ಒಂದೇ ದಿನಕ್ಕೆ.

ಆಗಸ್ಟ್ 26, ಸೋಮವಾರ. ಒಟ್ಟು ಐವರಿದ್ದೆವು. ನಮ್ಮಲ್ಲಿ ಧಾರವಾಡದ ಗೆಳತಿಯೊಬ್ಬಳು ಕೋರ್ಸು ಮುಗಿಸಿ, ಮರುದಿನ ಬೆಳಗ್ಗೆ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಿಂದ ಊರಿಗೆ ಹೊರಡುವವಳಿದ್ದಳು. ಅವಳಿಗಾಗಿಯೇ ಆ ಸುತ್ತಾಟ. ರಾತ್ರಿ ಮರಳಿ ಬಂದು ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕೆಂದು ಬೆಳಗ್ಗೆಯೇ ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆಬಾತು ಮಾಡಿಟ್ಟು ಹೊರಟೆವು.

ರೈಲಿನಲ್ಲಿ ಮೋರ್ಟನ್-ಇನ್-ಮಾರ್ಶ್, ಅಲ್ಲಿಂದ ಬಸ್ಸಿನಲ್ಲಿ ಬೋರ್ಟನ್-ಆನ್-ದ-ವಾಟರ್. ಪಟ್ಟಿಯ ಪ್ರಕಾರ ಅಲ್ಲಿಗೆ ಒಂದು ಗಂಟೆ. ಆದರೆ ಊರ ನಡುವೆ ಹರಿಯುವ ವಿಂಡ್‌ರಷ್ ಹೊಳೆಯೊಳಗೇ ಗೋಲುಕಂಬ ನಿಲ್ಲಿಸಿದ್ದರು. ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದ ಫುಟ್‌ಬಾಲ್ ಪಂದ್ಯವದು. ತಂಡಕ್ಕೆ ಆರು ಜನ, ಅರ್ಧ ಗಂಟೆಯ ಆಟ, ಮೊಣಕಾಲಿಗೂ ಬಾರದಷ್ಟು ನೀರು. ಅಂದಿನ ಬಿಸಿಲು ಬೇರೆ. ಆಗಸ್ಟ್ ಕೊನೆಯ ರಜೆಯ ಸೋಮವಾರಗಳಲ್ಲೇ ದಾಖಲೆಯ ಸೆಖೆ, ಹೀಥ್ರೋದಲ್ಲಿ 33.2 ಡಿಗ್ರಿ. ಉಳಿದ ಐದು ಹಳ್ಳಿಗಳನ್ನು ಬಿಟ್ಟು ದಂಡೆಯಲ್ಲೇ ನಿಂತೆವು. ಅದು ತಪ್ಪಲ್ಲ. ಆ ದಿನ ನಾವು ಮಾಡಿದ ಸರಿಯಾದ ಕೆಲಸ ಅದೊಂದೇ.

ನನ್ನ ಪಕ್ಕದಲ್ಲಿ ಅಜ್ಜಿಯೊಬ್ಬರು ಕೊಡೆ ಹಿಡಿದು ನಿಂತಿದ್ದರು. ಬಿಸಿಲಿಗೆಂದು ತಿಳಿದುಕೊಂಡೆ. ಆಟಗಾರನೊಬ್ಬ ನಮ್ಮ ಕಡೆಗೆ ಕಾಲು ಬೀಸುತ್ತಿದ್ದಂತೆ ಅವರು ಕೊಡೆಯನ್ನು ಗುರಾಣಿಯಂತೆ ಮುಂದಕ್ಕೆ ವಾಲಿಸಿದರು. ಚೆಂಡು ಅಲ್ಲೇ ಇತ್ತು, ನೀರು ಮಾತ್ರ ಹಾರಿ ಬಂತು. ಅವರ ಬಟ್ಟೆಗೆ ಒಂದು ಹನಿಯೂ ತಾಗಲಿಲ್ಲ, ನಾನು ನೆತ್ತಿಯಿಂದ ಪಾದದವರೆಗೆ ತೊಯ್ದೆ. ಇಡೀ ದಂಡೆ ನಕ್ಕಿತು. ಇಂಗ್ಲೆಂಡಿನಲ್ಲಿ ನಾನು ಅಪರಿಚಿತನೆಂದು ಅನ್ನಿಸದ ಮೊದಲ ಗಳಿಗೆ ಅದು.

ಇನ್ನು ತಪ್ಪಿನ ವಿಚಾರ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಅಂದು ‘ಬ್ಯಾಂಕ್ ಹಾಲಿಡೇ’ ಎಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಬ್ಯಾಂಕಿಗೆ ರಜೆ ಎಂದರೆ ಬ್ಯಾಂಕಿಗೆ ಮಾತ್ರ ರಜೆ. ಅಷ್ಟೇ ಅಲ್ಲ, ಊರಿನಲ್ಲಿ ಜಾತ್ರೆ ಎಂದರೆ ವಿಶೇಷ ಬಸ್ಸು ಬಿಡುತ್ತಾರೆ. ಜನ ಹೆಚ್ಚಾದ ದಿನ ಬಸ್ಸು ಕಡಿಮೆಯಾಗುತ್ತದೆಂದು ನನಗೆ ಹೊಳೆಯಲೇ ಇಲ್ಲ. ಇಂಗ್ಲೆಂಡಿನಲ್ಲಿ 1871ರ ಕಾನೂನು ಬ್ಯಾಂಕುಗಳಿಗೆ ಕೊಟ್ಟ ರಜೆ ಬರಬರುತ್ತಾ ಇಡೀ ದೇಶದ ರಜೆಯಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಆ ದಿನ ಬಹುಪಾಲು ಬಸ್ಸುಗಳು ಭಾನುವಾರದ ವೇಳಾಪಟ್ಟಿಯಂತೆ ಓಡುತ್ತವೆ. ಎಷ್ಟೋ ಹಳ್ಳಿಗಳಿಗೆ ಬಸ್ಸೇ ಇರುವುದಿಲ್ಲ. ನಾನು ‘ಸೋಮವಾರದಿಂದ ಶನಿವಾರ’ ಎಂಬ ಪಟ್ಟಿಯನ್ನು ನೋಡಿಕೊಂಡಿದ್ದೆ. ಬ್ಯಾಂಕ್ ಹಾಲಿಡೇ ಹೊರತು ಎಂದು ಅದರ ಬುಡದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬೆಳಗ್ಗೆ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂದಾಗಲೇ ನನಗೆ ತಿಳಿಯಬೇಕಿತ್ತು. ತಡವಾದ ಬಸ್ಸಲ್ಲ ಅದು, ಭಾನುವಾರದ ಬಸ್ಸು.

ಪಂದ್ಯ ಮುಗಿಸಿ, ಚಹಾ ಕುಡಿದು ನಿಲ್ದಾಣಕ್ಕೆ ಬಂದೆವು. ಕೊನೆಯ ಬಸ್ಸು ಹೋಗಿಯಾಗಿತ್ತು. ಟ್ಯಾಕ್ಸಿಗೆ ಕರೆ ಮಾಡಿದರೆ ಯಾವುದೂ ಖಾಲಿಯಿಲ್ಲ. ಮೋರ್ಟನ್ ಅಲ್ಲಿಂದ ಸುಮಾರು 13 ಕಿಲೋಮೀಟರು. ಗೆಳತಿ ಒಂದು ಮಾತೂ ಆಡದೆ ಗಡಿಯಾರ ನೋಡುತ್ತಿದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ ದೂರದ ಊರಿನಿಂದ ಟ್ಯಾಕ್ಸಿಯೊಂದು ಬಂತು. ಆಕ್ಸ್‌ಫರ್ಡ್‌ವರೆಗೆ 140 ಪೌಂಡು, ನಮ್ಮ ಎರಡು ವಾರದ ದಿನಸಿ ಖರ್ಚು. ಕೋಣೆ ಸೇರಿದಾಗ ಹನ್ನೊಂದೂವರೆ. ಅವಳು ನಿಂತಲ್ಲೇ ಪೆಟ್ಟಿಗೆ ತುಂಬಿಕೊಂಡು ವಿಮಾನ ನಿಲ್ದಾಣದ ಬಸ್ಸಿಗೆ ಓಡಿದಳು. ವಿಮಾನ ಸಿಕ್ಕಿತು. ಪಾತ್ರೆಯ ಮುಚ್ಚಳ ತೆಗೆದಾಗ ಆ ಸೆಖೆಗೆ ಬಿಸಿಬೇಳೆಬಾತು ಹಳಸಿತ್ತು.

ಈಗ ನಿಮ್ಮ ಪ್ರಶ್ನೆ. ಕಾರೋ ಬಸ್ಸೋ ಎಂಬುದು ಆಮೇಲಿನ ಮಾತು. ಎಂಟು ಹಳ್ಳಿ ಎಂಬುದೇ ಸರಿಯಿಲ್ಲ. ಅದೇ ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳನ್ನು ಎಂಟು ಕಡೆ ಕಾರಿನ ಕಿಟಕಿಯಿಂದ ನೋಡಿ ಏನು ಸಿಗುತ್ತದೆ? ಒಂದೇ ಹಳ್ಳಿ ಆರಿಸಿ, ಅದೂ ಅಲ್ಲಿ ಏನಾದರೂ ನಡೆಯುವ ದಿನ. ಬೇಸಿಗೆಯ ವಾರಾಂತ್ಯಗಳಲ್ಲಿ ಊರೂರಿನಲ್ಲೂ ಸಣ್ಣ ಜಾತ್ರೆಗಳಿರುತ್ತವೆ: ಮನೆಯಲ್ಲಿ ಮಾಡಿದ ಕೇಕು, ಜಾಮು, ಯಾರ ಈರುಳ್ಳಿ ದೊಡ್ಡದೆಂಬ ಸ್ಪರ್ಧೆ, ಚರ್ಚಿನ ಚಾವಣಿ ದುರಸ್ತಿಗೆ ಲಾಟರಿ ಚೀಟಿ. ಚರ್ಚಿನ ಬಾಗಿಲಲ್ಲಿರುವ ಸೂಚನಾ ಫಲಕದಲ್ಲಿ ಎಲ್ಲವನ್ನೂ ಅಂಟಿಸಿರುತ್ತಾರೆ. ರಾತ್ರಿ ಅಲ್ಲೇ ತಂಗಿ. ಪಕ್ಕದೂರಿಗೆ ಹೊಲಗಳ ನಡುವಿನ ಕಾಲುದಾರಿಯಲ್ಲಿ ನಡೆದು ಹೋಗಿ. ಹಳದಿ ಬಾಣದ ಗುರುತಿದ್ದರೆ ಅದು ಸಾರ್ವಜನಿಕರ ಹಕ್ಕಿನ ದಾರಿ, ಯಾರನ್ನೂ ಕೇಳಬೇಕಿಲ್ಲ. ನೀವು ತೆರೆದ ಗೇಟನ್ನು ಮಾತ್ರ ಮರೆಯದೆ ಮುಚ್ಚಿ, ಕುರಿಗಳಿರುತ್ತವೆ. ಬೋರ್ಟನ್‌ನಿಂದ ಲೋವರ್ ಸ್ಲಾಟರ್‌ಗೆ ಅರ್ಧ ಮುಕ್ಕಾಲು ಗಂಟೆ ಸಾಕು. ಹೆಸರು ಕೇಳಿ ಹೆದರಬೇಡಿ, ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಕೆಸರು ನೆಲ.

ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ, ಆಗಸ್ಟ್‌ನ ಕೊನೆಯ ಸೋಮವಾರ: ಈ ಮೂರನ್ನು ಈಗಲೇ ಬರೆದಿಟ್ಟುಕೊಳ್ಳಿ. ಆ ದಿನ ಹೊರಡುವುದಾದರೆ ಮರಳುವ ಬಸ್ಸಿನ ಸಮಯವನ್ನು ಹಿಂದಿನ ದಿನವೇ ಫೋನು ಮಾಡಿ ಕೇಳಿ. ಪಂದ್ಯ ನೋಡುವ ಮನಸ್ಸಿದ್ದರೆ ಆ ವರ್ಷದ ದಿನಾಂಕವನ್ನೂ ಖಚಿತಪಡಿಸಿಕೊಳ್ಳಿ. ಬಿಸಿಲೆಷ್ಟೇ ಇರಲಿ, ಕೊಡೆ ಒಯ್ಯಿರಿ.