ಬಾಸ್ ಒಳ್ಳೆಯವರೇ, ಆದರೆ ಏನನ್ನೂ ಕೇಳುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಫೀಸು, ಹೋಟೆಲು, ಫ್ಯಾಕ್ಟರಿಯದ್ದು. ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದೇ: ಕೆಲಸದವರ ಕಷ್ಟ ಎಷ್ಟು ನೋಡಬೇಕು, ಕೆಲಸ ಎಷ್ಟು ನೋಡಬೇಕು? ಮುಂಬೈ, ಪುಣೆ, ಗೋವಾ ಕಡೆಯ ಐದು ಪತ್ರ ಆರಿಸಿದ್ದೇನೆ. ಹೆಸರು ತೆಗೆದಿದ್ದೇನೆ, ಉದ್ದ ಇದ್ದದ್ದನ್ನು ಕತ್ತರಿಸಿದ್ದೇನೆ.

ಪ್ರಶ್ನೆ: ಹಿಂಜೆವಾಡಿಯ ಐಟಿ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಹೆರಿಗೆ ರಜೆ ಮುಗಿಸಿ ಬಂದ ಸಹೋದ್ಯೋಗಿಗೆ ತೊಂದರೆ ಆಗಬಾರದು ಅಂತ ಅವರನ್ನು ಕ್ಲೈಂಟ್ ಕಾಲ್‌ಗಳಿಂದ ಬಿಡಿಸಿ, ಹಗುರವಾದ ಟೆಸ್ಟಿಂಗ್ ಕೆಲಸ ಕೊಟ್ಟೆ. ಅವರು ಖುಷಿಪಡುವುದು ಬಿಟ್ಟು ಎಚ್‌ಆರ್‌ಗೆ ದೂರು ಕೊಟ್ಟಿದ್ದಾರೆ. ಒಳ್ಳೆಯದು ಮಾಡಲು ಹೋಗಿ ಕೆಟ್ಟವನಾದೆ. ಇದಕ್ಕಿಂತ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಅಲ್ವಾ?
(ವಾಕಡ್, ಪುಣೆ)

ಉತ್ತರ: ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. 'ನನಗೆ ಅನಿಸಿತು' ಅಂತ ಸುಮಾರು ಕಡೆ ಬರೆದಿದ್ದೀರಿ, 'ಅವರು ಹೇಳಿದರು' ಅಂತ ಒಂದು ಕಡೆಯೂ ಇಲ್ಲ. ಅವರ ಕೆಲಸ ಬದಲಾದದ್ದು ಅವರಿಗೆ ಗೊತ್ತಾದದ್ದೇ ಮೇಲ್ ನೋಡಿದ ಮೇಲೆ, ಹೌದಾ?

ಅವರ ಕಡೆಯಿಂದ ನೋಡಿದರೆ ನಡೆದದ್ದು ಹೀಗಿದೆ. ಆರು ತಿಂಗಳು ಆಫೀಸಿನಲ್ಲಿ ಇರಲಿಲ್ಲ. ಅಷ್ಟರಲ್ಲಿ ತನ್ನನ್ನು ಎಲ್ಲರೂ ಮರೆತಿದ್ದಾರೇನೋ ಅನ್ನುವ ಭಯ ಹೇಗೂ ಇರುತ್ತದೆ. ಕ್ಲೈಂಟ್ ಜೊತೆ ಮಾತಾಡುವವರ ಹೆಸರೇ ಅಪ್ರೈಸಲ್ ಹೊತ್ತಿಗೆ ಮೇಲಿನವರ ನೆನಪಿನಲ್ಲಿ ಇರುವುದು ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಸರಿಯಾಗಿ ಅದನ್ನೇ ನೀವು ತೆಗೆದಿರಿ. ಅವರಿಗೆ ಬೇಕಾಗಿದ್ದದ್ದು ಬಹುಶಃ ಬೇರೆಯೇ ಏನೋ. ಸಂಜೆ ಹಿಂಜೆವಾಡಿ ಟ್ರಾಫಿಕ್ ಜಾಮ್ ಶುರುವಾಗುವ ಮೊದಲು ಹೊರಡುವುದು ಇರಬಹುದು, ಐದೂವರೆಯ ಕಾಲ್ ಮಧ್ಯಾಹ್ನಕ್ಕೆ ಬರುವುದು ಇರಬಹುದು. 'ಬಹುಶಃ' ಅನ್ನುತ್ತಿದ್ದೇನೆ, ಯಾಕೆಂದರೆ ನಾನೂ ಇಲ್ಲಿ ಕೂತು ಊಹೆಯನ್ನೇ ಮಾಡುತ್ತಿರುವುದು.

ಈ ಊಹೆಯ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. 2018ರಲ್ಲಿ ತಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೋಲಸ್ ಎಪ್ಲಿ ಅನ್ನುವ ಮೂವರು ಸಂಶೋಧಕರು 25 ಪ್ರಯೋಗಗಳನ್ನು ಒಟ್ಟಿಗೆ ಪ್ರಕಟಿಸಿದರು. 'ಅವರ ಜಾಗದಲ್ಲಿ ನಿಂತು ಯೋಚಿಸಿ' ಅಂತ ಜನರಿಗೆ ಹೇಳಿದರೆ ಇನ್ನೊಬ್ಬರ ಮನಸ್ಸು ಹೆಚ್ಚು ಸರಿಯಾಗಿ ಗೊತ್ತಾಗುತ್ತದಾ ಅಂತ ನೋಡಿದರು. ಗೊತ್ತಾಗಲಿಲ್ಲ. ಆ ವ್ಯಕ್ತಿಯ ಜೊತೆಗೇ ಮಾತಾಡಿ ಕೇಳಿದಾಗ ಗೊತ್ತಾಯಿತು. ಟ್ರೇನಿಂಗ್‌ಗಳಲ್ಲಿ ಎಂಪಥಿ, ಅಂದರೆ ಇನ್ನೊಬ್ಬರ ಕಷ್ಟ ಅರಿಯುವುದು, ಅಂದ ಕೂಡಲೇ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಿ ಅಂತ ಸ್ಲೈಡ್ ಹಾಕುತ್ತಾರಲ್ಲ, ಅದರ ಪಕ್ಕದಲ್ಲೇ ಬಾಯಿಬಿಟ್ಟು ಕೇಳಿ ಅಂತಲೂ ದೊಡ್ಡಕ್ಷರದಲ್ಲಿ ಹಾಕಬೇಕು ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಪತ್ರದಲ್ಲಿ 'ಇಷ್ಟೆಲ್ಲಾ ರಜೆ ಕೊಟ್ಟಿದ್ದೇವೆ' ಅಂದಿದ್ದೀರಿ. ನೀವು ಕೊಟ್ಟದ್ದಲ್ಲ ಅದು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕಾನೂನಿನಲ್ಲೇ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಇದನ್ನು ಉಪಕಾರ ಅನ್ನುವ ಹಾಗೆ ಮಾತಾಡಿದರೆ ಎದುರಿನವರಿಗೆ ಸಿಟ್ಟು ಬಾರದೆ ಇರುತ್ತದಾ?

ಈಗ ದೂರು ಎಚ್‌ಆರ್‌ನಲ್ಲಿ ಇರುವುದರಿಂದ ಅದನ್ನು ವಾಪಸ್ ತೆಗೆದುಕೊಳ್ಳಿ ಅಂತ ಅಪ್ಪಿತಪ್ಪಿಯೂ ಕೇಳಬೇಡಿ. ಎಚ್‌ಆರ್‌ಗೆ ತಿಳಿಸಿಯೇ ಮಾತಾಡಿ. 'ನಿಮ್ಮನ್ನು ಕೇಳದೆ ಕೆಲಸ ಬದಲಿಸಿದೆ, ಅದು ಸರಿಯಲ್ಲ. ಮುಂದಿನ ಮೂರು ತಿಂಗಳು ಯಾವ ಕೆಲಸ ಇಟ್ಟುಕೊಳ್ಳುತ್ತೀರಿ, ಯಾವ ಹೊತ್ತು ನಿಮಗೆ ಕಷ್ಟ, ಹೇಳಿ' ಅನ್ನಿ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಮಗು ರಾತ್ರಿ ಮಲಗುತ್ತದಾ, ಅತ್ತೆ ಇದ್ದಾರಾ ಅನ್ನುವ ಪ್ರಶ್ನೆಗಳು ಬೇಡ.

ಪ್ರಶ್ನೆ: ಮುಲುಂಡ್‌ನಲ್ಲಿ ಮಾವನ ಹೋಟೆಲು. ಗಲ್ಲಾ ಮತ್ತು ಕೆಲಸದವರನ್ನು ನೋಡಿಕೊಳ್ಳುವುದು ನಾನು. ನಾನು ಪ್ರೀತಿಯಿಂದ ಇದ್ದರೆ ಹುಡುಗರು ತಲೆ ಮೇಲೆ ಕೂರುತ್ತಾರೆ. ಮಾವ ಬೈದರೆ ಎರಡು ತಿಂಗಳಲ್ಲಿ ಬಿಟ್ಟು ಓಡುತ್ತಾರೆ. ಊರಿನ ಹುಡುಗರು ಈಗ ಸಿಗುವುದಿಲ್ಲ, ಎಲ್ಲಾ ಜಾರ್ಖಂಡ್, ಒಡಿಶಾ ಕಡೆಯವರು. ಈ ಎಂಪಥಿ ಗಿಂಪಥಿ ಎಸಿ ಆಫೀಸಿಗೆ ಸರಿ, ನಮ್ಮಂಥವರಿಗೆ ಆಗುತ್ತದಾ?
(ಮುಲುಂಡ್, ಮುಂಬೈ)

ಉತ್ತರ: ಹೋಟೆಲಿನವರೇ ಹೀಗೆ ಕೇಳಿದರೆ ಹೇಗೆ ಮಾರಾಯ್ರೇ! ಮುಂಬೈಯ ಉಡುಪಿ ಹೋಟೆಲುಗಳ ಚರಿತ್ರೆಯಲ್ಲೇ ಇದಕ್ಕೆ ಉತ್ತರ ಇದೆ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಓದಿ, ಬ್ಯಾಂಕು, ವಕೀಲಿಕೆ, ಸ್ವಂತ ಹೋಟೆಲು ಅಂತ ಮೇಲೆ ಬಂದವರು. ಸಂಜೆ ಅಂದರೆ ಹೋಟೆಲಿನಲ್ಲಿ ರಶ್ ಹೊತ್ತು. ಆ ಹೊತ್ತಿಗೆ ಹುಡುಗನನ್ನು ಬಿಡಬೇಕಾದರೆ ಧಣಿ ಇನ್ನೊಬ್ಬನ ಡ್ಯೂಟಿ ಹಿಂದೆ ಮುಂದೆ ಮಾಡಬೇಕಿತ್ತು, ಇಲ್ಲವೇ ತಾನೇ ಒಂದು ಟೇಬಲ್ ನೋಡಬೇಕಿತ್ತು. ಎಲ್ಲಾ ಧಣಿಗಳೂ ಹಾಗೆ ಬಿಟ್ಟರು ಅಂತ ಹೇಳುವುದಿಲ್ಲ, ಪೆಟ್ಟು ತಿಂದು ಬೆಳೆದವರೂ ಬೇಕಾದಷ್ಟು ಇದ್ದಾರೆ. ಬಿಟ್ಟವರು ಮಾತ್ರ 'ಅಯ್ಯೋ ಪಾಪ' ಅಂತ ಹೇಳಿ ಕೂರಲಿಲ್ಲ, ಡ್ಯೂಟಿ ತಿದ್ದಿದರು.

ನಿಮ್ಮ ಹುಡುಗರಿಗೆ ಬೇಕಿರುವುದು ರಾತ್ರಿ ಶಾಲೆ ಅಲ್ಲದಿರಬಹುದು. ಏನು ಬೇಕು ಅಂತ ಒಬ್ಬೊಬ್ಬರನ್ನೇ ಕರೆದು ಕೇಳಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರೆ 'ಸಬ್ ಠೀಕ್ ಹೈ ಸೇಟ್' ಅಂತ ಒಂದೇ ಉತ್ತರ ಬರುವುದು. ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತು ದುಡಿಯುವ ಬ್ರೇಕ್ ಡ್ಯೂಟಿ ಹುಡುಗರಿಗೆ ಮಧ್ಯಾಹ್ನ ಮಲಗಲು ಜಾಗ ಇದೆಯಾ? ಎಲ್ಲರೂ ಉಂಡಾದ ಮೇಲೆ ಉಳಿದ ಅನ್ನವನ್ನೇ ಅವರಿಗೆ ಹಾಕುತ್ತೀರಾ? ಸಂಬಳದ ತಾರೀಕು ಪ್ರತಿ ತಿಂಗಳೂ ಒಂದೇನಾ, ಅಥವಾ ಮಾವನ ಮೂಡ್ ನೋಡಿಕೊಂಡಾ?

ಊರಿಗೆ ಹೋಗುವ ರಜೆಯ ಕಡೆ ಜಾಸ್ತಿ ಗಮನ ಕೊಡಿ, ಹುಡುಗರು ಓಡಿ ಹೋಗುವುದಕ್ಕೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ ಅಂತ ನನ್ನ ಗುಮಾನಿ. 2024ರ ನವೆಂಬರಿನಿಂದ ರೈಲಿನ ರಿಸರ್ವೇಶನ್ ಹೊರಡುವ 60 ದಿನ ಮೊದಲು ತೆರೆಯುತ್ತದೆ, ಮುಂಚೆ ಅದು 120 ದಿನ ಇತ್ತು. ಛಠ್ ಹಬ್ಬಕ್ಕೆ ಹೋಗುವವನಿಗೆ ನೀವು ರಜೆ ಹೌದೋ ಅಲ್ಲವೋ ಅಂತ ಹೊರಡುವ ವಾರದಲ್ಲಿ ಹೇಳಿದರೆ ಅವನಿಗೆ ಟಿಕೆಟ್ ಎಲ್ಲಿಂದ ಸಿಗಬೇಕು? ಜನರಲ್ ಡಬ್ಬಿಯಲ್ಲಿ ಒಂದು ದಿನಕ್ಕೂ ಜಾಸ್ತಿ ನಿಂತುಕೊಂಡು ಹೋದವನು ಅಲ್ಲಿಂದ ಫೋನ್ ಸ್ವಿಚ್ ಆಫ್ ಮಾಡಿದರೆ ಬೈದು ಪ್ರಯೋಜನ ಇಲ್ಲ. ಗಲ್ಲಾದ ಹಿಂದೆ ಒಂದು ಕ್ಯಾಲೆಂಡರ್ ತೂಗುಹಾಕಿ. ಯಾರಿಗೆ ಯಾವ ಹಬ್ಬ, ಯಾವಾಗ ಟಿಕೆಟ್ ತೆರೆಯುತ್ತದೆ ಅಂತ ಬರೆದಿಡಿ. ಎರಡು ತಿಂಗಳು ಮೊದಲೇ ಹೌದು ಅಥವಾ ಇಲ್ಲ ಹೇಳಿ. ಇಲ್ಲ ಅಂತ ಬೇಗ ಹೇಳಿದರೂ ಅವನು ತಡೆದುಕೊಳ್ಳುತ್ತಾನೆ, ನೋಡೋಣ ನೋಡೋಣ ಅಂತ ಕೊನೆಯ ದಿನದವರೆಗೆ ಎಳೆಯುವುದು ಮಾತ್ರ ಯಾರಿಗೂ ಆಗುವುದಿಲ್ಲ.

ತಲೆ ಮೇಲೆ ಕೂರುತ್ತಾರೆ ಅಂದಿರಲ್ಲ, ಅದಕ್ಕೂ ಕಷ್ಟ ಕೇಳುವುದಕ್ಕೂ ಜಗಳ ಇಲ್ಲ. ಒಂದು ದಿನ ತಡ ಮಾಡಿ ಬಂದರೆ ಯಾಕೆ ಅಂತ ಕೇಳಿ. ಅದೇ ಚಾಳಿ ಆದರೆ ಮೊದಲೇ ಹೇಳಿಟ್ಟ ನಿಯಮದ ಪ್ರಕಾರ ನಡೆಯಿರಿ. ಗಲ್ಲಾಕ್ಕೆ ಕೈ ಹಾಕಿದವನಿಗೆ ಆ ದಿನದವರೆಗಿನ ಲೆಕ್ಕ ಕೊಟ್ಟು ಕಳಿಸಿ, ಹೊಡೆಯಬೇಡಿ. ಆದರೆ ಮಾವನ ಕಡೆಯಿಂದ ಬಂದ ಸಂಬಂಧಿಕ ಹುಡುಗ ಒಬ್ಬ ಇದ್ದಾನೆ ಅಂತ ಬರೆದಿದ್ದೀರಿ, ನಿಯಮ ಅವನಿಗೂ ಸೇರಿಸಿ. ಬಾಕಿಯವರೆಲ್ಲಾ ನೋಡುತ್ತಿರುವುದು ಅವನನ್ನೇ.

ಇನ್ನು ಮಾವ. ಈ ವಯಸ್ಸಿನಲ್ಲಿ ಅವರನ್ನು ಬದಲಿಸಲು ಹೋಗಬೇಡಿ. 'ಕೆಲಸದವರಿಗೆ ಹೇಳುವುದೆಲ್ಲಾ ನನ್ನ ಮೂಲಕ ಹೇಳಿ ಮಾವ' ಅಂತ ಮರ್ಯಾದೆಯಿಂದ ಒಂದು ಒಪ್ಪಂದ ಮಾಡಿಕೊಳ್ಳಿ. ಹುಡುಗರಿಗೆ ತುಳು ಅರ್ಥ ಆಗುವುದಿಲ್ಲ ಅಂತ ಅವರು ಅಂದುಕೊಂಡಿರಬಹುದು. ತುಳುವಿನ ಬೈಗುಳ ಅರ್ಥ ಆಗಲು ತುಳು ಬರಬೇಕಾಗಿಲ್ಲ.

ಪ್ರಶ್ನೆ: ಐದು ವರ್ಷ ಒಟ್ಟಿಗೆ ಡಬ್ಬಿ ತಿಂದ ಗೆಳೆಯ ಮ್ಯಾನೇಜರ್ ಆದ. ನಾನು ಕಲ್ಯಾಣದಿಂದ ಬಂದು ಠಾಣೆಯಲ್ಲಿ ಟ್ರೇನ್ ಬದಲಿಸಿ ಐರೋಲಿಗೆ ಹೋಗುತ್ತೇನೆ. ಮಳೆಗೆ ಟ್ರೇನ್ ನಿಂತರೂ 'ಬೇಗ ಹೊರಡಬೇಕಿತ್ತು' ಅನ್ನುತ್ತಾನೆ. ಇವನೂ ಅದೇ ಟ್ರೇನಿನಲ್ಲಿ ನೇತಾಡಿಕೊಂಡು ಬರುತ್ತಿದ್ದವನು. ಈಗ ಕಾರು.
(ಕಲ್ಯಾಣ)

ಉತ್ತರ: ಕುರ್ಚಿಯ ಗುಣ ಅದು. 2006ರಲ್ಲಿ ಆಡಮ್ ಗಲಿನ್ಸ್ಕಿ ಮತ್ತು ಜೊತೆಯವರು ಒಂದು ಮಜದ ಪ್ರಯೋಗ ಪ್ರಕಟಿಸಿದರು. ಕೆಲವರಿಗೆ, ನಿಮಗೆ ಇನ್ನೊಬ್ಬರ ಮೇಲೆ ಅಧಿಕಾರ ಇದ್ದ ಸಂದರ್ಭ ನೆನೆದು ಬರೆಯಿರಿ ಅಂದರು. ಉಳಿದವರಿಗೆ, ಇನ್ನೊಬ್ಬರಿಗೆ ನಿಮ್ಮ ಮೇಲೆ ಅಧಿಕಾರ ಇದ್ದ ಸಂದರ್ಭ ಬರೆಯಿರಿ ಅಂದರು. ಆಮೇಲೆ ಎಲ್ಲರಿಗೂ ತಮ್ಮ ಹಣೆಯ ಮೇಲೆ ಇಂಗ್ಲಿಷಿನ 'ಇ' ಅಕ್ಷರ ಬರೆದುಕೊಳ್ಳಲು ಹೇಳಿದರು. ಅಧಿಕಾರ ನೆನೆದವರಲ್ಲಿ ಅಕ್ಷರವನ್ನು ತಮ್ಮ ಕಡೆಯಿಂದ ಸರಿಯಾಗಿ, ಅಂದರೆ ಎದುರಿನವರಿಗೆ ಉಲ್ಟಾ ಕಾಣುವ ಹಾಗೆ ಬರೆದವರು ಹತ್ತಿರಹತ್ತಿರ ಮೂರು ಪಟ್ಟು ಜಾಸ್ತಿ. ಬರೀ ನೆನಪಿಸಿಕೊಂಡದ್ದಕ್ಕೇ ಇಷ್ಟು. ನಿಮ್ಮ ಗೆಳೆಯನಿಗೆ ನಿಜವಾಗಲೂ ಕ್ಯಾಬಿನ್ ಸಿಕ್ಕಿದೆ.

ಇದನ್ನು ಗ್ರೂಪ್‌ನಲ್ಲಿ ಕುಟುಕಿ ಹೇಳಬೇಡಿ. ಒಬ್ಬನೇ ಇರುವಾಗ ಹೇಳಿ. 'ನೀನು ಬದಲಾಗಿದ್ದೀಯ' ಅನ್ನುವ ಡೈಲಾಗ್ ಬೇಡ, ಅದರಿಂದ ಜಗಳ ಮಾತ್ರ ಬರುತ್ತದೆ. ಒಂದೇ ಒಂದು ನಿರ್ದಿಷ್ಟ ಬೇಡಿಕೆ ಇಡಿ. ಭಾರಿ ಮಳೆಯ ಎಚ್ಚರಿಕೆ ಇದ್ದ ದಿನ ದೂರದವರು ಮನೆಯಿಂದ ಕೆಲಸ ಮಾಡಲಿ, ಅದು ಹಿಂದಿನ ಸಂಜೆಯೇ ತೀರ್ಮಾನ ಆಗಲಿ ಅಂತ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಜನ ಆಫೀಸಿನಲ್ಲೇ ರಾತ್ರಿ ಕಳೆದು, ಹಳಿಗಳ ಮೇಲೆ ನಡೆದು ಮನೆ ಸೇರಿದ ಊರು ಇದು. ಮಳೆಯನ್ನು ಇಲ್ಲಿ ನೌಕರರ ಸೋಮಾರಿತನದ ಲೆಕ್ಕಕ್ಕೆ ಹಾಕುವುದು ಮ್ಯಾನೇಜರಿಗೆ ಶೋಭೆ ತರುವುದಿಲ್ಲ. ಅದನ್ನೂ ಬೇಕಾದರೆ ಹೇಳಿ, ನಗುತ್ತಾ.

ಪ್ರಶ್ನೆ: ವೆರ್ಣಾದ ಔಷಧಿ ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್ ಅದೀನಿ, ಊರು ಗದಗ ಕಡೆ. ನಮ್ಮ ಕಡೆ ಹುಡುಗರಿಗೆ ಜಾಸ್ತಿ ಸಲಿಗೆ ಕೊಡ್ತೀನಿ ಅಂತ ಗೋವಾದವರ ಸಿಟ್ಟು. ಇನ್ನೊಂದು, ಏನಾದರೂ ತಪ್ಪಾದರೆ ಯಾರೂ ಬಂದು ಹೇಳುವುದಿಲ್ಲ, ಆಡಿಟ್‌ನಲ್ಲಿ ಗೊತ್ತಾಗುತ್ತದೆ. ಕರುಣೆ ತೋರಿಸಿದರೆ ಶಿಸ್ತು ಹೋಗುತ್ತದೆ ಅಂತ ನಮ್ಮ ಸಾಹೇಬರು.
(ವಾಸ್ಕೋ, ಗೋವಾ)

ಉತ್ತರ: ಮೊದಲನೆಯದಕ್ಕೆ ಬೇಜಾರು ಮಾಡಿಕೊಳ್ಳಬೇಡ್ರಿ, ಗೋವಾದವರ ಮಾತಿನಲ್ಲಿ ಸತ್ಯ ಇರುವ ಸಾಧ್ಯತೆ ಇದೆ. ಪಾಲ್ ಬ್ಲೂಮ್ ಅನ್ನುವ ಮನಃಶಾಸ್ತ್ರಜ್ಞ ಎಂಪಥಿಯ ವಿರುದ್ಧವೇ 2016ರಲ್ಲಿ ಪುಸ್ತಕ ಬರೆದರು. ನಮ್ಮಂತೆ ಕಾಣುವವರ, ನಮ್ಮ ಭಾಷೆ ಆಡುವವರ ನೋವು ನಮಗೆ ಬೇಗ ತಟ್ಟುತ್ತದೆ, ಉಳಿದವರದು ಕತ್ತಲೆಯಲ್ಲೇ ಉಳಿಯುತ್ತದೆ ಅನ್ನುವುದು ಅವರ ತಕರಾರು. ನಾನು ಅವರನ್ನು ಪೂರ್ತಿ ಒಪ್ಪುವುದಿಲ್ಲ, ಈ ಮಾತನ್ನು ಒಪ್ಪುತ್ತೇನೆ. ಗದಗಿನ ಹುಡುಗ ಬಂದು 'ಅವ್ವಗ ಆರಾಮಿಲ್ರಿ' ಅಂದರೆ ನಿಮ್ಮ ಕರುಳು ಚುರ್ ಅನ್ನುತ್ತದೆ. ಕೊಂಕಣಿಯಲ್ಲಿ ಅದನ್ನೇ ಹೇಳಿದವನಿಗೆ ಸರ್ಟಿಫಿಕೇಟ್ ತಾ ಅಂದಿರಬಹುದು. ಹಿಂದಿನ ಮೂರು ತಿಂಗಳ ರಜೆ ಮತ್ತು ಓವರ್‌ಟೈಮ್ ಪುಸ್ತಕ ತೆಗೆದು ನೋಡಿ. ಯಾರಿಗೆ ಹೌದು ಅಂದಿದ್ದೀರಿ, ಯಾರಿಗೆ ಇಲ್ಲ ಅಂದಿದ್ದೀರಿ ಅಂತ ಅದರಲ್ಲೇ ಇರುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು, ಅಲ್ಲಿ ತಯಾರಾಗುವುದು ಜನ ನುಂಗುವ ಮಾತ್ರೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಎಣಿಕೆ. ದಾಖಲೆ ನೋಡಿದರೆ ಅಂಥ ತಂಡಗಳಲ್ಲೇ ಜಾಸ್ತಿ! ಕಾರಣ ಹುಡುಕಿದಾಗ ಗೊತ್ತಾಯಿತು, ಅಲ್ಲಿನವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬಿಗಿಯ ಮೇಲ್ವಿಚಾರಕರ ಕೆಳಗಿನವರು ಮುಚ್ಚಿಡುತ್ತಿದ್ದರು. ನಿಮ್ಮ ಸಾಹೇಬರ ಶಿಸ್ತಿನಲ್ಲೂ ಕಾಗದದ ಮೇಲೆ ತಪ್ಪು ಕಡಿಮೆಯೇ ಇರುತ್ತದೆ.

ನೀವು ಒಂದು ವಾಕ್ಯ ಬದಲಿಸಿ ನೋಡಿ. ಯಾರಾದರೂ ಬಂದು ಡೀವಿಯೇಶನ್, ಅಂದರೆ ನಿಗದಿತ ವಿಧಾನ ತಪ್ಪಿದ್ದು, ಆಗಿದೆ ಅಂದ ಕೂಡಲೇ 'ಯಾರು ಮಾಡಿದ್ದು?' ಅನ್ನಬೇಡಿ. 'ಬ್ಯಾಚ್ ಈಗ ಎಲ್ಲಿದೆ?' ಅನ್ನಿ. ಮೊದಲು ಆ ಬ್ಯಾಚ್ ನಿಲ್ಲಲಿ, ಯಾರು ಯಾಕೆ ಅನ್ನುವುದು ಆಮೇಲೆ. ಬಂದು ಹೇಳಿದವನಿಗೆ ಅದೇ ಶಿಫ್ಟಿನಲ್ಲಿ ಎಲ್ಲರ ಎದುರು ಒಂದು ಒಳ್ಳೆಯ ಮಾತು ಹೇಳಿ. ಆದರೆ ರೀಡಿಂಗ್ ತೆಗೆಯದೆ ಬ್ಯಾಚ್ ರೆಕಾರ್ಡಿನಲ್ಲಿ ಸುಳ್ಳು ಅಂಕಿ ಬರೆದವನನ್ನು ಕೈತಪ್ಪಿದವರ ಸಾಲಿಗೆ ಸೇರಿಸಬೇಡಿ. ಅಲ್ಲಿ ಅವ್ವನ ಆರಾಮನ್ನೂ ವಿಚಾರಿಸಿ, ಕ್ರಮವನ್ನೂ ತೆಗೆದುಕೊಳ್ಳಿ, ಊರು ಯಾವುದಾದರೂ ಸರಿ.

ಪ್ರಶ್ನೆ: ನಮ್ಮ ಮೇಡಂ ದಿನಾ ಬೆಳಿಗ್ಗೆ ಗ್ರೂಪ್‌ನಲ್ಲಿ 'ಆರೋಗ್ಯ ನೋಡಿಕೊಳ್ಳಿ' ಅಂತ ಹೂವಿನ ಚಿತ್ರ ಹಾಕುತ್ತಾರೆ. ರಾತ್ರಿ ಹನ್ನೊಂದಕ್ಕೆ ಕೆಲಸ ಕಳಿಸುತ್ತಾರೆ. ಏನು ಮಾಡಲಿ?
(ಡೊಂಬಿವಲಿ)

ಉತ್ತರ: ಹೂವಿಗೆ ಹೂವು ಕಳಿಸಿ. ರಾತ್ರಿಯ ಮೆಸೇಜಿಗೆ ಬೆಳಿಗ್ಗೆ ಲೋಕಲ್‌ನಲ್ಲಿ ಸೀಟು ಸಿಕ್ಕಿದ ಮೇಲೆ ಉತ್ತರ ಕೊಡಿ. ಡೊಂಬಿವಲಿಯಲ್ಲಿ ಸೀಟು ಸಿಗುವುದಿಲ್ಲ ಅಂತ ಗೊತ್ತು, ಹಾಗಾದರೆ ಆಫೀಸು ಮುಟ್ಟಿದ ಮೇಲೆ. ಮೇಡಂಗೆ ಬಹುಶಃ ಆ ಹೊತ್ತಿಗೇ ಮನೆ ಕೆಲಸ ಮುಗಿಯುತ್ತದೆ, ನೆನಪಾದದ್ದನ್ನು ಕಳಿಸಿ ಮಲಗುತ್ತಾರೆ, ನೀವು ಎದ್ದು ಲ್ಯಾಪ್‌ಟಾಪ್ ತೆಗೆಯುತ್ತೀರಿ ಅಂತ ಅವರಿಗೆ ಗೊತ್ತೇ ಇರಲಿಕ್ಕಿಲ್ಲ. ಹಾಗಾಗಿ ಒಮ್ಮೆ ನೇರವಾಗಿ ಕೇಳಿಬಿಡಿ: 'ಮೇಡಂ, ರಾತ್ರಿ ಬರುವುದನ್ನು ಬೆಳಿಗ್ಗೆ ಮಾಡಿದರೆ ಆಗುತ್ತದಾ? ಅರ್ಜೆಂಟ್ ಇದ್ದರೆ ಫೋನ್ ಮಾಡಿ.' ಫೋನ್ ಮಾಡುವಷ್ಟು ಅರ್ಜೆಂಟ್ ಕೆಲಸ ಎಷ್ಟು ಬರುತ್ತದೆ ಅಂತ ಮುಂದಿನ ತಿಂಗಳು ನನಗೂ ಬರೆಯಿರಿ.