ಇಂಧನ ಕೊಳವೆಯ ಅಯಸ್ಕಾಂತದಿಂದ ಮೈಲೇಜ್ ಏರಿತೇ?
ಇಂಧನ ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಇಂಧನ ಚೆನ್ನಾಗಿ ಉರಿದು ಮೈಲೇಜ್ ಏರುತ್ತದೆ ಎಂದು ಅದನ್ನು ಮಾರುವವರು ಹೇಳುತ್ತಾರೆ; ಅದನ್ನು ಕಟ್ಟಿದ ಮೇಲೆ ನಿಮ್ಮ ಕಾರಿನ ಮೈಲೇಜ್ ಲೀಟರಿಗೆ 15ರಿಂದ 17 ಕಿಲೋಮೀಟರಿಗೆ ಏರಿತೆಂದು ನೀವು ಹೇಳಿದ್ದೀರಿ. ಇದಕ್ಕೆ ಕಾರಣ ಬಹುಶಃ ಟ್ಯಾಂಕ್ ತುಂಬಿಸುವುದರಲ್ಲಾದ ವ್ಯತ್ಯಾಸ, ಇಲ್ಲವೇ ನೀವು ಅರಿವಿಲ್ಲದೆ ಮೃದುವಾಗಿ ಓಡಿಸಿದ್ದು; ಇವೆರಡರಲ್ಲಿ ಯಾವುದೆಂದು ಅಳೆಯದೆ ಹೇಳಲಾಗದು. ಸುಸ್ಥಿತಿಯಲ್ಲಿರುವ ಎಂಜಿನ್ ಇಂಧನವನ್ನು ಹೆಚ್ಚುಕಡಿಮೆ ಪೂರ್ತಿಯಾಗಿಯೇ ಸುಡುವುದರಿಂದ, ಮಾರಾಟಗಾರರು ಹೇಳುವ ‘ಉತ್ತಮ ದಹನ’ಕ್ಕೆ ಅಲ್ಲಿ ಅವಕಾಶವೇ ಉಳಿದಿರುವುದಿಲ್ಲ.

ಅಯಸ್ಕಾಂತದ ಪರಿಣಾಮವನ್ನು ಅಳೆದು ನೋಡಲು ಮೊದಲು ಟೈರುಗಳ ಗಾಳಿಯನ್ನು ಸರಿಪಡಿಸಿ. ಬಳಿಕ ಒಂದೇ ಪಂಪಿನಲ್ಲಿ, ನಳಿಕೆ ತಾನಾಗಿ ಮೊದಲ ಸಲ ನಿಲ್ಲುವವರೆಗೆ ಮಾತ್ರ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ನಿತ್ಯದ ದಾರಿಯಲ್ಲೇ 400 ಕಿಲೋಮೀಟರ್ ಓಡಿಸಿ, ಮತ್ತೆ ಹಾಗೆಯೇ ತುಂಬಿಸಿ ಲೆಕ್ಕಹಾಕಿ. ಈ ದೂರಕ್ಕೆ ತುಂಬುವಾಗ 3 ಲೀಟರ್ ಹೆಚ್ಚುಕಡಿಮೆಯಾದರೂ ನೀವು ಕಂಡಷ್ಟೇ ಅಂತರ ಬರುತ್ತದೆ, ಆದ್ದರಿಂದ ಅಯಸ್ಕಾಂತವಿಟ್ಟು ಮೂರು ಬಾರಿ, ತೆಗೆದು ಮೂರು ಬಾರಿ ಅಳೆಯಿರಿ. ಎರಡು ಸರಾಸರಿಗಳ ಅಂತರವು ಪ್ರತಿ ಬಾರಿಯ ಏರಿಳಿತಕ್ಕಿಂತ ಚಿಕ್ಕದಾಗಿದ್ದರೆ ಅಯಸ್ಕಾಂತವನ್ನು ಹಿಂದಿರುಗಿಸಿ ಹಣ ಕೇಳಿ.